ಅರಕಲಗೂಡು ಮಾರ್ಗವಾಗಿ ನ್ಯೂಜಿಲೆಂಡಿಗೆ

ನ್ಯೂಜಿಲೆಂಡಿಗೆ ಹೋಗುವ ದಾರಿಯಲ್ಲಿ ಮೊದಲು ಸಿಗುವ ದೊಡ್ಡ ಊರು ಚನ್ನರಾಯಪಟ್ಟಣ. ಅಲ್ಲಿಂದ ಹಾಸನ, ಹಾಸನದಿಂದ ಅರಕಲಗೂಡು, ಆಮೇಲೆ ಸಿಂಗಪುರ. ಬೇರೆಯವರು ಬೇರೆ ದಾರಿ ಹೇಳಿಯಾರು. ನಾನು ಹೋದದ್ದು ಹೀಗೆಯೇ, ಸಿಂಗಪುರ ಮುಟ್ಟುವುದಕ್ಕೆ ನನಗೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಪರದೇಶಕ್ಕೆ ಹೋಗಿ ಬಂದವರು ವಿಮಾನದ ಕಿಟಕಿಯಿಂದ ಕಂಡ ಮೋಡದ ಬಗ್ಗೆ ಬರೆಯುತ್ತಾರೆ. ನನ್ನ ವಿದೇಶ ಪ್ರವಾಸದ ಬಹುಪಾಲು ಕೆಂಪು ಬಸ್ಸಿನಲ್ಲಿ ನಡೆದದ್ದರಿಂದ ನನಗೆ ಕಂಡದ್ದು ಹೆಚ್ಚಾಗಿ ಮುಂದಿನ ಸೀಟಿನವರ ತಲೆ.

ಹೊಳೆನರಸೀಪುರ

ನಾನು ಸಿವಿಲ್ ಡಿಪ್ಲೊಮಾ ಮಾಡಿದವಳು. ಹೊಳೆನರಸೀಪುರದಲ್ಲಿ ಒಬ್ಬ ಇಂಜಿನಿಯರ್ ಹತ್ತಿರ ಮನೆಗಳ ನಕ್ಷೆ ಬರೆಯುತ್ತಿದ್ದೆ. ಮೊದಲು ಕೈಯಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ನ್ಯೂಜಿಲೆಂಡಿನ ಒಂದು ಸಣ್ಣ ಊರಿನ ಕಟ್ಟಡದ ಕಂಪನಿಗೆ ನಕ್ಷೆ ಬರೆಯುವವರು ಬೇಕೆಂದು ಇಂಟರ್ನೆಟ್ಟಿನಲ್ಲಿ ನೋಡಿ, ಸುಮ್ಮನೆ ಇರಲಿ ಎಂದು ನನ್ನ ನಾಲ್ಕು ನಕ್ಷೆ ಕಳಿಸಿದ್ದೆ. ಕಂಪನಿಯ ಯಜಮಾನರಾದ ಇಯಾನ್ ಎಂಬುವರು ಫೋನಿನಲ್ಲೇ ಮಾತಾಡಿ ಕೆಲಸ ಕೊಟ್ಟುಬಿಟ್ಟರು. ಅಲ್ಲಿಗೆ ಬರಲು ಸರ್ಕಾರದ ಅನುಮತಿ ಸಿಗಬೇಕು, ಅದಕ್ಕೊಂದು ತಿಂಗಳು ಸಾಕು ಎಂದರು. ಅಲ್ಲಿಯವರೆಗೆ ಇಲ್ಲಿಂದಲೇ ಕೆಲಸ ಮಾಡುವುದು. ಕೆಲಸ ಹಿಡಿಸಿದರೆ ಜಾಗ ನನ್ನದು. ಆದರೆ ವರ್ಷದೊಳಗೆ ಅನುಮತಿ ಬಾರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದೂ ಸೇರಿಸಿದರು.

ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ನಾನು ಮೊದಲು ಹೋಗುವುದು, ಅವರು ರಜ ಮಂಜೂರಾದ ಮೇಲೆ ಬರುವುದು ಎಂದು ಮಾತಾಯಿತು. ಇದರಲ್ಲಿ ತೊಡಕು ಇದ್ದದ್ದು ಪಂಚಾಂಗದಲ್ಲಿ. ನಮ್ಮ ಅತ್ತೆಯವರು ಕನ್ನಡಕ ಹಾಕಿಕೊಂಡು ಪುಟ ತಿರುವಿ, ಬರುವ ಗುರುವಾರ ಬಿಟ್ಟರೆ ನನ್ನ ನಕ್ಷತ್ರಕ್ಕೆ ಪ್ರಯಾಣದ ದಿನ ಸದ್ಯಕ್ಕಿಲ್ಲ, ಆಮೇಲೆ ಆಷಾಢ, ಅದರ ಮೇಲೆ ಇನ್ನೇನೋ ಅಸ್ತ ಎಂದು ಹೇಳಿದರು. ವೀಸಾನೇ ಬಂದಿಲ್ಲವಲ್ಲ ಎಂದೆ.

"ವೀಸಾ ಅವರದು. ಗಳಿಗೆ ನಮ್ಮದು," ಎಂದರು ಅತ್ತೆ.

ಇಂಥ ಇಕ್ಕಟ್ಟಿಗೆ ನಮ್ಮ ಹಿರಿಯರು ಒಂದು ದಾರಿ ಮಾಡಿಟ್ಟಿದ್ದಾರೆ. ಅದರ ಹೆಸರು ಪ್ರಸ್ಥಾನ. ಒಳ್ಳೆಯ ಗಳಿಗೆಯಲ್ಲಿ ಗಂಟುಮೂಟೆ ಸಮೇತ ಮನೆ ಬಿಟ್ಟು, ಬೇರೆ ಯಾರ ಮನೆಯಲ್ಲಾದರೂ ಇರುವುದು. ಅಲ್ಲಿಗೆ ಪ್ರಯಾಣ ಶುರುವಾದ ಲೆಕ್ಕ. ನಿಜವಾದ ರೈಲೋ ವಿಮಾನವೋ ಯಾವಾಗ ಹೊರಟರೂ ದೋಷವಿಲ್ಲ. ಷರತ್ತು ಒಂದೇ: ಹೋಗಬೇಕಾದ ಜಾಗ ಮುಟ್ಟುವ ತನಕ ಮತ್ತೆ ಸ್ವಂತ ಮನೆಯ ಹೊಸ್ತಿಲು ದಾಟಿ ಒಳಗೆ ಬರಬಾರದು. ಹಿಂದೆಲ್ಲ ಕಾಶಿಗೆ ಹೋಗುವವರು ಎರಡು ದಿನ ಪಕ್ಕದ ಮನೆಯಲ್ಲಿರುತ್ತಿದ್ದರಂತೆ. ನನ್ನದೂ ಹೆಚ್ಚೆಂದರೆ ತಿಂಗಳ ಮಾತು ಎಂದುಕೊಂಡು ಒಪ್ಪಿದೆ.

ಗುರುವಾರ ಶಾಲೆಯ ಮೇಷ್ಟ್ರುಗಳು ಶಾಲು ಹೊದಿಸಿದರು. ಬೀದಿಯ ಹೆಂಗಸರು ಮಡಿಲು ತುಂಬಿದರು. ಮೊಸರನ್ನ ತಿಂದು, ಬಲಗಾಲಿಟ್ಟು ಹೊಸ್ತಿಲು ದಾಟಿ, ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿರುವಾಗ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ.

ಚನ್ನರಾಯಪಟ್ಟಣ

ಕಂಪ್ಯೂಟರ್ ನನ್ನ ಜೊತೆಗೇ ಬಂತು. ಆಗಿನ ಕಂಪ್ಯೂಟರ್ ಎಂದರೆ ಹೊಟ್ಟೆ ದಪ್ಪನೆಯ ಮಾನಿಟರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಕಂಡಕ್ಟರು ಟಿ.ವಿ.ಗೆ ಲಗೇಜು ಚೀಟಿ ಆಗಬೇಕು ಎಂದ. ಟಿ.ವಿ. ಅಲ್ಲ, ನಾನು ಪರದೇಶಕ್ಕೆ ಹೊರಟಿದ್ದೇನೆ, ಇದು ಅಲ್ಲಿಯ ಕೆಲಸದ್ದು ಎಂದೆ. ಅವನು ನನ್ನನ್ನೂ ಮಾನಿಟರನ್ನೂ ನೋಡಿದ.

"ಫಾರಿನ್‌ಗೆ ಆಮೇಲ್ ಓಗೀರಂತೆ. ಮೊದ್ಲು ಪಟ್ಣದಲ್ಲಿ ಉಷಾರಾಗಿ ಇಳ್ಕಳಿ," ಎಂದು ಚೀಟಿ ಹರಿದುಕೊಟ್ಟ.

ಚನ್ನರಾಯಪಟ್ಟಣದಲ್ಲಿ ನಮ್ಮಕ್ಕನ ಮನೆ. ಭಾವನದು ತೆಂಗಿನಕಾಯಿ ವ್ಯಾಪಾರ. ಮನೆಯ ಹಿಂದೆಯೇ ಗೋದಾಮು, ಗೋದಾಮಿನ ಪಕ್ಕದ ಕೋಣೆಯಲ್ಲಿ ನನ್ನ ನ್ಯೂಜಿಲೆಂಡ್. ಇಯಾನ್ ಕೈಯಲ್ಲಿ ಗೀಚಿದ್ದನ್ನು ಕಳಿಸುವರು, ನಾನು ಅದನ್ನು ಅಳತೆಗೆ ಸರಿಯಾಗಿ ಬರೆಯುವುದು. ಆ ಕಡೆ ಕಾಯಿ ಎಣಿಸುವ ರಾಗ, ಈ ಕಡೆ ನಾನು ಕುರಿ ಸಾಕುವವರ ಮನೆಗೆ ಬೆಂಕಿಗೂಡು ಕೂರಿಸುತ್ತಿದ್ದೆ.

ಪಕ್ಕದ ಮನೆಯ ಹೆಂಗಸರು ನೋಡಲು ಬಂದರು. ಇವಳು ಹೋಗುವವಳೋ ಬಂದವಳೋ ಎಂಬ ಗೊಂದಲ ಅವರಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ. ಅಲ್ಲಿ ಮನೆಗಳು ಹೇಗಿರುತ್ತವೆ ಎಂದು ಕೇಳಿದರು. ದಿನವೆಲ್ಲ ಅವನ್ನೇ ಬರೆಯುತ್ತಿದ್ದೆನಲ್ಲ, ಹೇಳಿದೆ. ದೇವರ ಮನೆ ಇರುವುದಿಲ್ಲ, ಅಡುಗೆಮನೆಗೂ ಹಾಲಿಗೂ ನಡುವೆ ಗೋಡೆ ಇರುವುದಿಲ್ಲ, ಬಂದವರಿಗೆ ಮುಸುರೆ ಪಾತ್ರೆ ಕಾಣುತ್ತದೆ ಎಂದೆ. ದೇವರ ಮನೆ ಇಲ್ಲದ್ದನ್ನು ಅವರು ಕ್ಷಮಿಸಿದರು, ಮುಸುರೆ ಪಾತ್ರೆ ಕಾಣುವುದನ್ನು ಕ್ಷಮಿಸಲಿಲ್ಲ. ಭಾವ ಅಂತೂ ಅಂಗಡಿಗೆ ಬಂದವರಿಗೆಲ್ಲ, ನಮ್ಮ ನಾದಿನಿ ನ್ಯೂಜಿಲೆಂಡಿನಲ್ಲಿದ್ದಾರೆ ಎಂದು ಹೇಳುತ್ತ, ನನ್ನ ಕೈಯಿಂದಲೇ ಅವರಿಗೆ ಕಾಫಿ ಕೊಡಿಸುತ್ತಿದ್ದರು.

ತಿಂಗಳಾಯಿತು, ಇನ್ನೊಂದಾಯಿತು. ಅರ್ಜಿ ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು. ಒಂದು ದಿನ ಕಾಯಿ ನಾರಿನ ಧೂಳು ಕಂಪ್ಯೂಟರಿನ ಫ್ಯಾನಿಗೆ ಸುತ್ತಿಕೊಂಡು ಅದು ಉಬ್ಬಸದವರ ಹಾಗೆ ಏದುಸಿರು ಬಿಟ್ಟು ನಿಂತುಹೋಯಿತು. ಬರೆಯುತ್ತಿದ್ದ ಒಂದು ಮನೆಯ ಮಾಡಿನ ನಕ್ಷೆ ಅರ್ಧಕ್ಕೇ ಹೋಯಿತು. ಅಕ್ಕನಿಗೆ ನಮಸ್ಕಾರ ಮಾಡಿ ಪ್ರಯಾಣ ಮುಂದುವರಿಸಿದೆ.

ಹಾಸನ

ಹಾಸನದಲ್ಲಿ ಹೆಂಗಸರ ಹಾಸ್ಟೆಲ್ಲೊಂದರಲ್ಲಿ ಇದ್ದೆ. ಊರಿನ ಬಗ್ಗೆ ಹೇಳುವುದಕ್ಕಿಂತ ಬಸ್‌ಸ್ಟ್ಯಾಂಡಿನ ಹತ್ತಿರದ ಬ್ರೌಸಿಂಗ್ ಸೆಂಟರಿನ ಬಗ್ಗೆ ಹೇಳಬೇಕು, ಏಕೆಂದರೆ ನನ್ನ ನಕ್ಷೆಗಳು ಕಡಲು ದಾಟುತ್ತಿದ್ದ ರೇವು ಅದೇ. ಪರದೆ ಕಟ್ಟಿದ ಗೂಡುಗಳಲ್ಲಿ ಹುಡುಗರು ಏನೇನೋ ನೋಡುತ್ತಿದ್ದರು. ಮಾಲೀಕ ಮಾತ್ರ ಗೌರವಸ್ಥ. ನನಗೆಂದು ಬಾಗಿಲ ಪಕ್ಕ, ಗಣಪತಿ ಫೋಟೊದ ಕೆಳಗೆ, ಪರದೆ ಇಲ್ಲದ ಸೀಟು ಕೊಟ್ಟಿದ್ದ. ನಕ್ಷೆ ಹೋಗುವಾಗ ನೀಲಿ ಪಟ್ಟಿಯೊಂದು ಎಡದಿಂದ ಬಲಕ್ಕೆ ತೆವಳುತ್ತಿತ್ತು. ಅದು ಮುಕ್ಕಾಲಿಗೆ ಬಂದಾಗ ಕರೆಂಟು ಹೋಗುವುದು ಪದ್ಧತಿ. ಆಗ ಗೂಡುಗಳ ಒಳಗಿನಿಂದೆಲ್ಲ, ಮೇಡಮ್ಮೋರ್ದು ಹೋಯ್ತಾ, ಅಯ್ಯೋ ಪಾಪ ಎಂದು ಕೇಳಿಬರುತ್ತಿತ್ತು.

ಇಯಾನ್ ಜೊತೆ ಮಾತಾಡುತ್ತಿದ್ದದ್ದೂ ಪಕ್ಕದ ಟೆಲಿಫೋನ್ ಬೂತಿನಿಂದ. ನಮ್ಮ ತಿಂಡಿ ಹೊತ್ತಿಗೆ ಅವರ ದಿನ ಮುಗಿಯುತ್ತಿತ್ತು. ಅವರನ್ನು ಸರ್ ಎನ್ನಬಾರದಂತೆ, ಬರೀ ಹೆಸರು ಹಿಡಿದು ಕರೆಯಬೇಕಂತೆ. ಯಜಮಾನರ ಹೆಸರನ್ನೇ ಬಾಯಿಬಿಟ್ಟು ಹೇಳದವಳು ನಾನು, ಕೆಲಸ ಕೊಟ್ಟವರನ್ನು ಹೆಸರು ಹಿಡಿದು ಕರೆಯುವುದೇ! ಏನೂ ಕರೆಯದೆ ಕೆಮ್ಮಿ ಮಾತು ಶುರು ಮಾಡುತ್ತಿದ್ದೆ. ನನಗೆ ಎದೆನೋವಿದೆಯೆಂದು ಅವರು ಬಹಳ ಕಾಲ ನಂಬಿದ್ದರಂತೆ.

ಅವರ ಇನ್ನೊಂದು ಅಭ್ಯಾಸ ನನ್ನನ್ನು ನಿಜಕ್ಕೂ ಹೆದರಿಸುತ್ತಿತ್ತು. ಏನು ಹೇಳಿದರೂ ಅವರ ಉತ್ತರ, ಚಿಂತೆ ಬೇಡ. ನಕ್ಷೆ ಹೋಗಿಲ್ಲ ಎಂದರೆ ಚಿಂತೆ ಬೇಡ, ಅನುಮತಿ ಬಂದಿಲ್ಲ ಎಂದರೂ ಚಿಂತೆ ಬೇಡ. ನಮ್ಮ ಹೊಳೆನರಸೀಪುರದ ಇಂಜಿನಿಯರ್ ಸಿಟ್ಟು ಬಂದರೆ ಸ್ಕೇಲು ಮೇಜಿಗೆ ಬಡಿಯುತ್ತಿದ್ದರು, ಹತ್ತು ನಿಮಿಷಕ್ಕೆ ಕಾಫಿ ತರಿಸುತ್ತಿದ್ದರು. ಅಂಥವರ ಹತ್ತಿರ ನಾವು ಎಲ್ಲಿದ್ದೇವೆಂದು ಗೊತ್ತಿರುತ್ತದೆ. ಕೂಗಾಡದ ಮನುಷ್ಯನನ್ನು ಹೇಗೆ ನಂಬುವುದು?

ಹಾಸ್ಟೆಲ್ಲಿನಲ್ಲಿ ನನ್ನ ಕಂಪ್ಯೂಟರಿನಿಂದಲೇ ನೀರಿನ ಮೋಟಾರಿಗೆ ಕರೆಂಟು ಸಾಲುತ್ತಿಲ್ಲ ಎಂಬ ಪುಕಾರು ಎದ್ದಿತು. ಮತ್ತೆ ಗಂಟು ಕಟ್ಟಿದೆ. ಭೂಗೋಳದ ಮೇಷ್ಟ್ರು ನಕಾಶೆ ನೋಡಿ ಫೋನಿನಲ್ಲಿ ಹೇಳಿದರು: ನ್ಯೂಜಿಲೆಂಡ್ ಇರುವುದು ಆಗ್ನೇಯಕ್ಕೆ, ನೀನು ಹೋಗುತ್ತಿರುವುದೆಲ್ಲ ಉತ್ತರಕ್ಕೆ, ಪಶ್ಚಿಮಕ್ಕೆ, ಹೀಗೇ ಆದರೆ ಭೂಮಿ ಸುತ್ತಿಕೊಂಡೇ ಬರಬೇಕಾಗುತ್ತದೆ.

ಅರಕಲಗೂಡು

ಜಯಮ್ಮ ಡಿಪ್ಲೊಮಾದಲ್ಲಿ ನನ್ನ ಸಹಪಾಠಿ. ಅರಕಲಗೂಡಿನ ಗೌಡರ ಮನೆಗೆ ಸೊಸೆಯಾಗಿ ಬಂದವಳು. ನನ್ನ ಕಥೆ ಕೇಳಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ನಕ್ಕು ಮುಗಿಸಿ, ಬಿತ್ತನೆ ಆಲೂಗೆಡ್ಡೆ ಇಡುತ್ತಿದ್ದ ಕೋಣೆಯನ್ನು ಗುಡಿಸಿ ಕೊಟ್ಟಳು. ಆ ಕೋಣೆಯ ಬಾಗಿಲು ಜಗುಲಿಗೇ ತೆರೆಯುತ್ತಿತ್ತು. ಜಯಮ್ಮನ ಮಾವ ಪುಟ್ಟೇಗೌಡರು ಮಾತ್ರ ನಗಲಿಲ್ಲ. ನನ್ನ ಸ್ಥಿತಿಯನ್ನು ಅರ್ಥ ಮಾಡಿಕೊಂಡ ಮೊದಲನೆಯ ಗಂಡಸು ಅವರು.

"ನಿಮ್ಮತ್ತೆ ಏಳಿದ್ದು ಸರಿ ಕಣವ್ವ. ಒಂಟ ಕಾಲ್ನ ಇಂದಕ್ಕೆ ಇಡಬಾರ್ದು," ಎಂದರು.

ಆ ಜಗುಲಿಯಷ್ಟು ಉದ್ದ ಅಗಲದ ಜಗುಲಿಯನ್ನು ನಾನು ನೋಡಿರಲಿಲ್ಲ. ಒಂದು ಮೂಲೆಯಲ್ಲಿ ಆಲೂಗೆಡ್ಡೆ ಮೂಟೆ, ಇನ್ನೊಂದರಲ್ಲಿ ತಾಯಿ ಸತ್ತ ಮೇಕೆಮರಿ, ನಡುವೆ ಯಾರು ಬೇಕಾದರೂ. ಬೆಳಿಗ್ಗೆ ಕಂಪ್ಯೂಟರ್ ಹಚ್ಚುವ ಹೊತ್ತಿಗೆ ಗೌಡರ ಅಣ್ಣ ಕಾಳೇಗೌಡರು ಬರುವರು. ಕಂಬಕ್ಕೊರಗಿ ಕೂತು ಪೇಪರು ಓದಿ, ಕಾಫಿ ಕುಡಿದು, ತಮ್ಮನ ಹತ್ತಿರ ಮಳೆಯ ಬಗ್ಗೆ ನಾಲ್ಕು ಮಾತಾಡಿ ಹೋಗುವರು. ಬದುವಿನ ಜಗಳದಲ್ಲಿ, ನಿನ್ನ ಮನೆಯೊಳಗೆ ಕಾಲಿಡುವುದಿಲ್ಲ ಎಂದು ಅವರು ಆಣೆ ಇಟ್ಟು ಎಷ್ಟೋ ವರ್ಷ ಆಗಿತ್ತಂತೆ. ಆದರೂ ದಿನಾ ಬರುತ್ತಾರಲ್ಲ ಎಂದು ಗೌಡರನ್ನು ಕೇಳಿದೆ.

"ಒಳೀಕ್ ಬಂದ್ರೆ ಆಣೆ ಮುರಿತದೆ. ಬರ್ದೇ ಇದ್ರೆ ನೆಂಟಸ್ತನ ಮುರಿತದೆ. ಜಗ್ಲಿ ಮ್ಯಾಲೆ ಕೂತ್ರೆ ಯಾವ್ದೂ ಮುರಿಯಾಕಿಲ್ಲ ಕಣವ್ವ."

ಅರಕಲಗೂಡಿನಿಂದ ನಕ್ಷೆಗಳನ್ನು ಸಿ.ಡಿ.ಗೆ ಹಾಕಿ ಹಾಸನದ ಬಸ್ಸಿನ ಡ್ರೈವರಿಗೆ ಕೊಡುತ್ತಿದ್ದೆ. ಊಟದ ಕ್ಯಾರಿಯರ್, ಔಷಧಿ ಚೀಟಿಗಳ ಜೊತೆ ಅದೂ ಅವನ ತಲೆಯ ಮೇಲಿನ ಗೂಡಿನಲ್ಲಿ ಕೂತು ಬ್ರೌಸಿಂಗ್ ಸೆಂಟರ್ ಸೇರುತ್ತಿತ್ತು. ಒಂದು ಸಲ ಸಿ.ಡಿ. ಅದಲುಬದಲಾಗಿ ಇಯಾನ್‌ಗೆ ಯಾರದೋ ಮಗಳ ಮದುವೆಯ ವೀಡಿಯೊದ ತುಣುಕು ಹೋಯಿತು. ಬಹಳ ಚೆನ್ನಾಗಿದೆ, ಆದರೆ ಗ್ಯಾರೇಜ್ ಎಲ್ಲಿ ಎಂದು ಬರೆದಿದ್ದರು.

ಮತ್ತೆ ಹೊಳೆನರಸೀಪುರ, ಆದರೆ ಹೊರಗಡೆ

ಕಾಳೇಗೌಡರ ವಿಷಯವನ್ನು ನಾನು ಅತ್ತೆಗೆ ಫೋನಿನಲ್ಲಿ ಹೇಳಿದ್ದೆ. ಅವರು ಒಂದು ವಾರ ಯೋಚಿಸಿ ತೀರ್ಪು ಕೊಟ್ಟರು: ಜಗುಲಿ ಹೊಸ್ತಿಲಿನ ಹೊರಗಿರುವುದರಿಂದ ಅದು ಮನೆಯ ಒಳಗಲ್ಲ, ನಾನು ಅಲ್ಲಿಯ ತನಕ ಬರಬಹುದು.

ಅಂದಿನಿಂದ ಪ್ರತಿ ಭಾನುವಾರ ನಾನು ಬಸ್ಸಿಳಿದು ನಮ್ಮದೇ ಮನೆಗೆ ನೆಂಟಳಂತೆ ಬರುತ್ತಿದ್ದೆ. ಯಜಮಾನರು ಒಳಗಿನಿಂದ ಕಾಫಿ ತರುವರು. ಮದುವೆಯಾಗಿ ಆರು ವರ್ಷವಾದ ನಾವು ಜಗುಲಿಯ ಆ ತುದಿಗೊಬ್ಬರು ಈ ತುದಿಗೊಬ್ಬರು, ಹೆಣ್ಣು ನೋಡುವ ಶಾಸ್ತ್ರದವರ ಹಾಗೆ ಕೂರುತ್ತಿದ್ದೆವು. ಬೀದಿಯಲ್ಲಿ ಹೋಗುವವರು, ಯಾವಾಗ ಬಂದಿರಿ, ಮತ್ತೆ ಯಾವಾಗ ಹೋಗುವುದು ಎಂದು ಕೇಳುವರು. ಸಂಜೆ ಬಸ್ಸಿಗೆ ಎಂದರೆ, ಇಷ್ಟು ಬೇಗ ಹೋಗಿಬರುವಷ್ಟು ನ್ಯೂಜಿಲೆಂಡ್ ಹತ್ತಿರವೇ ಎಂದು ಆಶ್ಚರ್ಯಪಡುವರು.

ತೆರೆದ ಬಾಗಿಲಿನಿಂದ ನನ್ನ ಅಡುಗೆಮನೆ ಕಾಣುತ್ತಿತ್ತು. ಸಾಸಿವೆ ಡಬ್ಬಿ ಜಾಗ ಬದಲಾಗಿತ್ತು. ಗೌರಿಹಬ್ಬದ ದಿನ ಒಳಗೆ ಎಲೆ ಹಾಕಿದ್ದರು. ನನಗೆ ಜಗುಲಿಯಲ್ಲಿ. ಒಬ್ಬಳೇ ಕೂತು ಒಬ್ಬಟ್ಟು ಮುರಿದು, ಬಾಯಿಗಿಡದೆ ಮತ್ತೆ ಎಲೆಯ ಮೇಲಿಟ್ಟೆ. ಅಷ್ಟರಲ್ಲಿ ಅತ್ತೆ ತಮ್ಮ ಎಲೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಸಾರು ಹರಿಯದ ಹಾಗೆ ಹುಷಾರಾಗಿ ಹೊಸ್ತಿಲು ದಾಟಿ ಬಂದು ನನ್ನ ಪಕ್ಕ ಕೂತರು. ಒಳಗೆ ಸೆಕೆ ಎಂದರು. ಸೆಕೆ ಏನೂ ಇರಲಿಲ್ಲ. ನಿಯಮ ಮಾಡಿದವರೂ ಅವರೇ, ನನ್ನ ಜೊತೆ ಹೊರಗೆ ಕೂತವರೂ ಅವರೇ. ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಆ ಹೊತ್ತಿಗೆ ಇಳಿದುಹೋಯಿತು.

ಇದೇ ಸಮಯಕ್ಕೆ ಇಯಾನ್ ನನಗೆ ಮೊದಲ ಸಲ ಒಂದು ಇಡೀ ಮನೆಯನ್ನು ನನ್ನ ಬುದ್ಧಿಯಿಂದಲೇ ಮಾಡಲು ಕೊಟ್ಟರು. ಮಾರ್ಗರೆಟ್ ಎಂಬ ವಯಸ್ಸಾದ ಹೆಂಗಸು ಮತ್ತು ಅವರ ಗಂಡನಿಗೆ ಒಂದಂತಸ್ತಿನ ಮನೆ. ರಸ್ತೆ ಇರುವುದು ಉತ್ತರಕ್ಕೆ. ಇದು ಸರಿಯಾದರೆ ನನ್ನ ಕೆಲಸ ಗಟ್ಟಿ. ಅನುಮತಿ ಕೊಡುವ ಕಚೇರಿಯವರು ಬೇರೆ, ಈ ಕೆಲಸಕ್ಕೆ ನಿಮ್ಮೂರಿನವರು ಯಾರೂ ಸಿಗಲಿಲ್ಲವೇ ಎಂದು ಇಯಾನ್‌ರನ್ನು ಕೇಳಿದ್ದರಂತೆ. ಅದಕ್ಕೆ ಅವರು ಒಂದು ಉತ್ತರ ಬರೆಯಬೇಕಿತ್ತು.

ಭಾನುವಾರ ಜಗುಲಿಯಲ್ಲಿ ಮೂವರ ಸಭೆ ಸೇರಿತು. ಅತ್ತೆ ವಾಸ್ತು ಹೇಳಿದರು: ಉತ್ತರ, ಪೂರ್ವ ತೆರೆದಿರಲಿ, ದಕ್ಷಿಣ ಮುಚ್ಚಿರಲಿ. ಸರಿ, ಉತ್ತರಕ್ಕೆ ದೊಡ್ಡ ದೊಡ್ಡ ಕಿಟಕಿ ಬರೆದೆ. ಮನೆಯೆಂದ ಮೇಲೆ ರಸ್ತೆ ಕಡೆ ಜಗುಲಿ ಬೇಡವೇ? ನಮ್ಮ ಯಜಮಾನರು, ಉತ್ತರದ ಜಗುಲಿ ಒಳ್ಳೆಯದು, ಮಟಮಟ ಮಧ್ಯಾಹ್ನವೂ ತಂಪಾಗಿರುತ್ತದೆ ಎಂದರು. ಬಿಸಿಲು ಇಣುಕದಂತೆ ಎಂಟಡಿ ಅಗಲದ ಜಗುಲಿ, ಅದರ ಮೇಲೆ ಇಳಿಜಾರಾದ ಮಾಡು, ಕಂಬ, ಒರಗಲು ಕಟ್ಟೆ. ಇಂಗ್ಲಿಷಿನಲ್ಲಿ ಅದಕ್ಕೆ ಸರಿಯಾದ ಪದ ಯಾವುದೂ ಒಪ್ಪಿಗೆಯಾಗದೆ ಜಗುಲಿ ಎಂದೇ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ನನ್ನ ಜೀವಮಾನದಲ್ಲಿ ಅಷ್ಟು ಮನಸ್ಸಿಟ್ಟು ಇನ್ನೊಂದು ನಕ್ಷೆ ಬರೆದಿಲ್ಲ.

ಮತ್ತೆ ಹಾಸನ

ನಕ್ಷೆ ತಲುಪಿದ ಮೇಲೆ ಮಾತಾಡಲು ಹಾಸನದ ಬೂತಿಗೆ ಹೋದೆ. ಇಯಾನ್ ಬಹಳ ಖುಷಿಯಲ್ಲಿದ್ದರು. ಕೋಣೆಗಳೆಲ್ಲ ಉತ್ತರಕ್ಕೆ ತೆರೆದುಕೊಂಡಿವೆ, ನಮ್ಮ ನೆಲದಲ್ಲಿ ಹುಟ್ಟಿ ಬೆಳೆದವರಿಗೇ ಇದು ತಿಳಿಯಲು ವರ್ಷಗಳು ಬೇಕು, ನಿಮಗೆ ಯಾರು ಹೇಳಿಕೊಟ್ಟರು ಎಂದು ಕೇಳಿದರು. ನಮ್ಮ ಅತ್ತೆ ಎಂದೆ. ಆ ಕಡೆ ಕಾಗದ ಮಗುಚುವ ಸದ್ದಾಯಿತು.

"ಕಿಟಕಿಗಳ ಮುಂದೆ ಈ ಮಾಡು ಯಾತಕ್ಕೆ?" ಎಂದರು.

"ನೆರಳಿಗೆ."

"ಯಾವುದರಿಂದ ನೆರಳು?"

ಬಿಸಿಲಿನಿಂದ ಎಂದೆ. ಬಿಸಿಲಿನಿಂದಲೇ, ಎಂದು ಅವರು ನಿಧಾನವಾಗಿ ಕೇಳಿದರು. ತಮ್ಮ ದೇಶದಲ್ಲಿ ಸೂರ್ಯ ಉತ್ತರದ ಆಕಾಶದಲ್ಲಿ ಹೋಗುತ್ತಾನೆ, ಅಲ್ಲಿಯ ಜನ ಆ ಚೂರು ಬಿಸಿಲಿಗಾಗಿ ಚಳಿಗಾಲವೆಲ್ಲ ಕಾಯುತ್ತಾರೆ, ಅದನ್ನು ಕಿಟಕಿ ಇಟ್ಟು ಕರೆದು, ಮಾಡು ಹಾಕಿ ಓಡಿಸಿದ್ದೀರಿ ಎಂದರು. ಅದಕ್ಕಿಂತ ಕೆಟ್ಟ ಸುದ್ದಿ ಆಮೇಲೆ ಬಂತು. ಅವಸರದಲ್ಲಿ ಅವರು ನಕ್ಷೆಯನ್ನು ಪೂರ್ತಿ ನೋಡದೆ ಮಾರ್ಗರೆಟ್‌ಗೂ ಕಳಿಸಿಬಿಟ್ಟಿದ್ದರು. ಕೆಮ್ಮಿದೆ. ಚಿಂತೆ ಬೇಡ ಎಂಬ ಮಾತು ಬರಲೆಂದು ಕಾದೆ. ಅವತ್ತು ಅವರು ಅದನ್ನು ಹೇಳಲಿಲ್ಲ. ಈ ಜಗುಲಿ ಎಂದರೇನು ಎಂದು ಬರೆದು ಕಳಿಸಿ, ಅವರಿಗೆ ನಾನು ಏನಾದರೂ ಸಮಜಾಯಿಷಿ ಕೊಡಬೇಕು ಎಂದು ಫೋನಿಟ್ಟರು.

ಯಜಮಾನರಿಗೆ ಫೋನ್ ಮಾಡಿ ಹರಿಹಾಯ್ದೆ. ವರ್ಷ ವರ್ಷ ಮಕ್ಕಳಿಗೆ ದಕ್ಷಿಣಾರ್ಧಗೋಳ ಪಾಠ ಮಾಡುವವರಿಗೆ ಇಷ್ಟು ತಿಳಿಯಲಿಲ್ಲವೇ?

"ಅದು ಎರಡು ಮಾರ್ಕಿನ ಪ್ರಶ್ನೆ ಕಣೇ," ಎಂದರು ಪಾಪ, ಸಣ್ಣ ದನಿಯಲ್ಲಿ. "ಮನೆ ಕಟ್ಟೋಕೂ ಬೇಕಾಗುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಗಣಪತಿ ಫೋಟೊದ ಕೆಳಗೆ ಕೂತು ಸಮಜಾಯಿಷಿ ಬರೆದೆ. ಕೆಲಸ ಹೇಗೂ ಹೋಯಿತು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡೋಣ ಅನ್ನಿಸಿತು. ನಮ್ಮ ಕಡೆ ಬಿಸಿಲು ಜಾಸ್ತಿ, ಅದಕ್ಕೇ ಈ ತಪ್ಪಾಯಿತು ಎಂದೆ. ಆದರೆ ಜಗುಲಿ ಬರೀ ನೆರಳಿಗಲ್ಲ, ಮನೆಯವರೆಗೆ ಬಂದೂ ಒಳಗೆ ಬರಲಾಗದವರು ಕೂರುವುದಕ್ಕೆ ಒಂದು ಜಾಗ ಬೇಕಲ್ಲ, ಆ ಜಾಗವೇ ಇದು ಎಂದು ಬರೆದು, ಕಾಳೇಗೌಡರ ಆಣೆ, ಮೇಕೆಮರಿ, ನನ್ನ ಭಾನುವಾರಗಳು ಎಲ್ಲವನ್ನೂ ಹೇಳಿದೆ. ಅವತ್ತು ಕರೆಂಟು ಹೋಗಲೇ ಇಲ್ಲ. ನೀಲಿ ಪಟ್ಟಿ ಸರಾಗವಾಗಿ ಬಲಕ್ಕೆ ಮುಟ್ಟಿತು.

ತಿಂಗಳುಗಟ್ಟಲೆ ಉತ್ತರವಿಲ್ಲ. ಅರಕಲಗೂಡಿನಲ್ಲಿ ಕಂಪ್ಯೂಟರಿಗೆ ಬಟ್ಟೆ ಮುಚ್ಚಿದೆ. ವರ್ಷದ ಗಡುವು ಹತ್ತಿರವಾಗುತ್ತಿತ್ತು. ಹೋಗದೆಯೇ ವಾಪಸ್ಸಾದರೆ ಹೊಸ್ತಿಲು ದಾಟಲು ಏನಾದರೂ ಶಾಂತಿ ಮಾಡಿಸಬೇಕೋ ಏನೋ ಎಂದು ಅತ್ತೆ ಪುರೋಹಿತರನ್ನು ಗುಟ್ಟಾಗಿ ಕೇಳಿದ್ದರಂತೆ. ಆಮೇಲೆ ಒಂದು ಬೆಳಿಗ್ಗೆ ಬಸ್ಸಿನ ಡ್ರೈವರು ಗೌಡರ ಮನೆಯ ಮುಂದೆ ಬಸ್ಸು ನಿಲ್ಲಿಸಿ, ಹಾರನ್ ಬಾರಿಸಿ, ಬ್ರೌಸಿಂಗ್ ಸೆಂಟರಿನವನು ಹೇಳಿಕಳಿಸಿದ್ದನ್ನು ಕಿಟಕಿಯಿಂದಲೇ ಕೂಗಿದ: "ಅಮ್ಮಾರೇ, ನಿಮ್ ವೀಸಾ ಬಂದ್ಬುಡ್ತಂತೆ. ಒರಡ್ಬೇಕಂತೆ!"

ಬಸ್ಸಿನಲ್ಲಿದ್ದವರೆಲ್ಲ ನನಗೆ ಕೈ ಬೀಸಿದರು. ಮೇಕೆಮರಿ ಈಗ ದೊಡ್ಡ ಮೇಕೆಯಾಗಿತ್ತು, ಅದೂ ಎದ್ದು ನಿಂತಿತು. ಕಾಳೇಗೌಡರು ಪೇಪರು ಮಡಿಸಿ, ಹೋಗಿಬಾ ತಾಯಿ ಎಂದರು.

ನ್ಯೂಜಿಲೆಂಡ್

ಸಿಂಗಪುರದಲ್ಲಿ ಹೊಳೆನರಸೀಪುರದ ಅಭ್ಯಾಸದಂತೆ ವಿಮಾನಕ್ಕೂ ಸೀಟು ಹಿಡಿಯಲು ಓಡಿದೆ ಎಂಬುದನ್ನು ಬಿಟ್ಟರೆ ದಾರಿಯಲ್ಲಿ ವಿಶೇಷವೇನೂ ನಡೆಯಲಿಲ್ಲ. ಒಂದು ವರ್ಷ ಎಳೆದ ಪ್ರಯಾಣದಲ್ಲಿ ಕಡಲು ದಾಟಿದ್ದೇ ಎಲ್ಲಕ್ಕಿಂತ ಸಪ್ಪೆ ಭಾಗ.

ಇಯಾನ್ ತಮ್ಮ ದನಿಗಿಂತ ಕುಳ್ಳಗಿದ್ದರು. ವಿಮಾನ ನಿಲ್ದಾಣಕ್ಕೆ ಚಡ್ಡಿ ಹಾಕಿಕೊಂಡು ಬಂದಿದ್ದರು. ಹೊರಗೆ ಹಲ್ಲು ಕಟಕಟ ಅನ್ನುವ ಚಳಿ. ನಮ್ಮ ಕಡೆ ಕಂಪನಿ ಯಜಮಾನರು ಚಡ್ಡಿಯಲ್ಲಿ ಕಂಡರೆ ಕಂಪನಿ ಮುಳುಗಿತೆಂದು ಅರ್ಥ. ಇಲ್ಲಿ ಅದು ದೈನಿಕ ವೇಷವಂತೆ. ಕಾರಿನಲ್ಲಿ ಧೈರ್ಯ ಮಾಡಿ, ಕೆಮ್ಮಿ, ಅಷ್ಟೆಲ್ಲ ಆದ ಮೇಲೂ ಅನುಮತಿ ಹೇಗೆ ಬಂತು ಎಂದು ಕೇಳಿದೆ. ಅವರು ನಕ್ಕರು. ನಿಮ್ಮೂರಿನವರು ಯಾರೂ ಸಿಗಲಿಲ್ಲವೇ ಎಂದು ಕಚೇರಿಯವರು ಕೇಳಿದ್ದರಲ್ಲ, ಅದಕ್ಕೆ ಅವರು ಜಗುಲಿಯ ನಕ್ಷೆಯನ್ನೇ ಲಗತ್ತಿಸಿ, ನಮ್ಮೂರಿನ ಯಾವ ನಕ್ಷೆಗಾರನೂ ಇಂಥ ತಪ್ಪು ಮಾಡುವುದಿಲ್ಲ, ನಮ್ಮ ಗಿರಾಕಿಗೆ ಇದೇ ತಪ್ಪು ಬೇಕಂತೆ ಎಂದು ಬರೆದಿದ್ದರಂತೆ.

ಮಾರ್ಗರೆಟ್‌ರ ಮನೆ ಆಗಲೇ ಎದ್ದಿತ್ತು. ಮರುದಿನ ಮಧ್ಯಾಹ್ನ ಅಲ್ಲಿಗೆ ಕರೆದುಕೊಂಡು ಹೋದರು. ಹಾಲಿನ ಕಿಟಕಿಗಳ ಮುಂದಿನ ಮಾಡಿಗೆ ಇಯಾನ್ ಗಾಜು ಹೊದಿಸಿ ಬಿಸಿಲಿಗೆ ದಾರಿ ಮಾಡಿದ್ದರು. ಮಿಕ್ಕಿದ್ದೆಲ್ಲ ನಾನು ಬರೆದಂತೆಯೇ. ಅದೇ ಕಂಬ, ಅದೇ ಕಟ್ಟೆ. ಒಂದು ಮೂಲೆಯಲ್ಲಿ ಕೆಸರಿನ ಬೂಟುಗಳು, ಇನ್ನೊಂದರಲ್ಲಿ ಸೌದೆ. ಕಟ್ಟೆಯ ಮೇಲೆ ಹೊದಿಕೆ ಸುತ್ತಿಕೊಂಡ ಒಬ್ಬ ಮುದುಕಿ ಟೀ ಕುಡಿಯುತ್ತ ಕೂತಿದ್ದರು. ಅವರೇ ಮಾರ್ಗರೆಟ್ ಇರಬೇಕೆಂದು ಕೈ ಮುಗಿದೆ. ಅಲ್ಲವಂತೆ, ಅವರು ರಸ್ತೆಯ ಆಚೆ ಮನೆಯಲ್ಲಿರುವ ಮಾರ್ಗರೆಟ್‌ರ ಅಕ್ಕ. ಮಾರ್ಗರೆಟ್ ಬಾಗಿಲಿಗೆ ಬಂದು ನನ್ನನ್ನು ತಬ್ಬಿಕೊಂಡು, ಹಾಗೆಯೇ ಕಿವಿಯಲ್ಲಿ ಹೇಳಿದರು. ತಾಯಿ ಬಿಟ್ಟುಹೋದ ಟೀ ಕಪ್ಪುಗಳು ಯಾರಿಗೆ ಎಂಬ ಜಗಳದಲ್ಲಿ ಅಕ್ಕ ಇವರ ಮನೆಯೊಳಗೆ ಕಾಲಿಡುವುದಿಲ್ಲ ಎಂದಿದ್ದ ಹಟಮಾರಿ. ಇಯಾನ್ ಕಳಿಸಿದ ನನ್ನ ಸಮಜಾಯಿಷಿಯಲ್ಲಿ ಕಾಳೇಗೌಡರ ಕಥೆ ಓದಿದ ದಿನವೇ ಆ ಜಗುಲಿ ತಮಗೆ ಬೇಕು ಎಂದು ಮಾರ್ಗರೆಟ್ ನಿಶ್ಚಯಿಸಿದರಂತೆ.

"ದಿನಾ ಬರ್ತಾಳೆ. ಒಳಗಂತೂ ಬಂದಿಲ್ಲ," ಎಂದರು. "ಟೀ ಮಾತ್ರ ಅದೇ ಕಪ್ಪಿನಲ್ಲಿ ಕುಡೀತಾಳೆ."

ಮನೆಗೆ ಸುದ್ದಿ ಮುಟ್ಟಿಸಿದೆಯಾ ಎಂದು ಕೇಳಿ, ತಂತಿ ಇಲ್ಲದ ಫೋನೊಂದನ್ನು ಹೊಸ್ತಿಲಿನಾಚೆಯಿಂದ ನನ್ನ ಕೈಗೆ ಕೊಟ್ಟರು. ಹೊಳೆನರಸೀಪುರದಲ್ಲಿ ಇನ್ನೂ ಬೆಳಗಿನ ಹೊತ್ತು. ಎತ್ತಿದವರು ಅತ್ತೆ. ಹಿಂದೆ ಕುಕ್ಕರ್ ಕೂಗುವುದು ಕೇಳಿಸಿತು. ನಾನು ಜಗುಲಿಯ ಬಗ್ಗೆ ಹೇಳಲು ಹೊರಟರೆ ಅವರು ಅದೆಲ್ಲ ಆಮೇಲೆ ಎಂದರು. ಅವರಿಗೆ ಬೇಕಾಗಿದ್ದದ್ದು ಒಂದೇ ವಿಷಯ.

"ಆ ದೇಶದ ನೆಲದ ಮೇಲೆ ಕಾಲಿಟ್ಟೆಯೇನಮ್ಮ?"

ನಿನ್ನೆಯೇ ಇಟ್ಟೆ ಎಂದೆ.

"ಅಲ್ಲಿಗೆ ಪ್ರಸ್ಥಾನ ಮುಗೀತು," ಎಂದರು. ಆಮೇಲೆ ಬೀದಿಯಿಂದ ಬಂದವಳನ್ನು ಕರೆಯುವಷ್ಟೇ ಸಲೀಸಾಗಿ ಹೇಳಿದರು: "ಇನ್ನು ನೀನು ಒಳಗೆ ಬರಬಹುದು."

ಹನ್ನೊಂದು ತಿಂಗಳು, ಅದರಲ್ಲಿ ಎಷ್ಟೋ ಭಾನುವಾರ ಹೊಸ್ತಿಲಿನಿಂದ ಒಂದು ಮಾರು ದೂರದಲ್ಲಿ ಕೂತು, ನಾನು ಕಾದದ್ದು ಈ ಮಾತಿಗೆ. ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು. ಕಟ್ಟೆಯ ಮೇಲಿದ್ದ ಮಾರ್ಗರೆಟ್‌ರ ಅಕ್ಕ ತಮ್ಮ ಕಪ್ಪನ್ನು ಎತ್ತಿ ಆ ಕಡೆ ಇಟ್ಟುಕೊಂಡು, ಒಂಚೂರು ಸರಿದು ಜಾಗ ಮಾಡಿಕೊಟ್ಟರು. ಕೂತೆ.